ಹಿತ್ತಾಳೆ ಮುಚ್ಚಳ

ದಾವಣಗೆರೆ ಚೌಕಿಪೇಟೆಯ ಓಣಿಯಲ್ಲಿ ದಸ್ತಗೀರ್ ಸಾಹೇಬರ ಕೋವಿ ಅಂಗಡಿ.
ಈ ಕಡೆ ಪಾತ್ರೆಯವರು, ಆ ಕಡೆ ಹಗ್ಗ ಕಣ್ಣಿ ಮಾರುವವರು,
ನಡುವೆ ನಾವು. ಲೆಕ್ಕ ಬರೆಯುವವಳು ನಾನು.
ಹನ್ನೊಂದು ವರ್ಷದಲ್ಲಿ ಒಂದು ಗುಂಡಿನ ಸದ್ದು ಕೇಳಿಲ್ಲ,
ಪಕ್ಕದವರ ಕೊಡ ಬಿದ್ದದ್ದು ಬಿಟ್ಟರೆ.

ಠಾಣೆಯ ಚೀಟಿ ಹಿಡಿದು ಜಗಳೂರಿನಿಂದ ಹಾಲಮ್ಮ ಬಂದಳು.
ಹಿಂದೆ ತಮ್ಮ. ತಮ್ಮನ ಹೆಗಲಲ್ಲಿ
ಅಪ್ಪನ ಪಂಚೆ ಸುತ್ತಿದ ಉದ್ದನೆಯದೊಂದು.
"ಲೈಸೆನ್ಸು ಅಪ್ಪನ ಹೆಸರಿಗಿತ್ರಿ. ಅಪ್ಪ ಹೋದ.
ಇನ್ನ ಮನಿಯಾಗ ಇಟ್ಕಂಡ್ರೆ ತಪ್ಪಂತೆ.
ಏನ್ ಕೊಡ್ತೀರಿ?"

ಸಾಹೇಬರು ಕನ್ನಡಕ ಏರಿಸಿದರು.
ನಾನ್ನೂರ ಹತ್ತರ ಮಸ್ಕೆಟ್ಟು.
ಹುಟ್ಟಿದ್ದು ರೈಫಲ್ಲಾಗಿ, ಯಾವುದೋ ಯುದ್ಧಕ್ಕೆ.
ಯುದ್ಧ ಮುಗಿದ ಮೇಲೆ ನಳಿಕೆಯೊಳಗಿನ ಸುರುಳಿಗೆರೆಗಳನ್ನು
ಕೊರೆದು, ಒರೆಸಿ, ನುಣ್ಣಗೆ ಮಾಡಿ
ಪೊಲೀಸರ ಕೈಗಿಟ್ಟರು.
ದೂರ ಹೋಗಬಾರದು, ಗುರಿ ಅಷ್ಟಾಗಿ ನೆನಪಿರಬಾರದು.
ಪೊಲೀಸರಿಗೂ ಬೇಡವಾದಾಗ ಹರಾಜು.

ಆ ಹರಾಜು ಹಾಲಮ್ಮನಿಗೆ ಬಾಯಿಪಾಠ.
ದುರ್ಗವೇ ನಮಗೂ ಜಿಲ್ಲೆಯಾಗಿದ್ದ ಕಾಲ.
ಮೀಸಲು ಪಡೆಯ ಮೈದಾನದಲ್ಲಿ ತಾಡಪತ್ರಿ ಹಾಸಿ
ನುಗ್ಗೇಕಾಯಿ ಹರವಿದಂತೆ ಹರವಿದ್ದರಂತೆ.
ಲೈಸೆನ್ಸಿದ್ದವರು ಒಳಗೆ, ನೋಡುವವರು ಬೇಲಿಯಾಚೆ.
ಎತ್ತಿನ ಹಲ್ಲೆಣಿಸಿ ರೂಢಿಯಾದ ಅಪ್ಪ
ಒಂದೊಂದೇ ನಳಿಕೆಗೆ ಕಣ್ಣಿಟ್ಟು,
ಎಂಟನೆಯದರ ತುದಿಗೆ ಆಕಾಶದ ಬಿಲ್ಲೆ ಕಂಡು
"ಇದು" ಅಂದನಂತೆ.
ಆರುನೂರ ಐವತ್ತು. ಮೇಲೆ ರಶೀದಿಗೆ ಐದು.

"ಹೊಡೆದಿದ್ದುಂಟಾ?"
"ಎಲ್ಲಿ ಹೊಡೀತಾನ್ರಿ, ಹಂದಿ ಬಂದ್ರೆ ಡಬ್ಬಿ ಬಡೀತಿದ್ದ.
ಎಲೆಕ್ಷನ್ ಬಂದಾಗ ಠಾಣೆಗೆ ಇಟ್ಟು ಬರ್ತಿದ್ದ,
ಮಗಳನ್ನ ಗಂಡನ ಮನಿಗೆ ಬಿಟ್ಟು ಬಂದಂಗ.
ಅವತ್ತು ಉಣ್ತಿರಲಿಲ್ಲ."

ಸಾಹೇಬರು ಸರಳು ತೂರಿಸಿದರು.
ಕಣಜದ ಮಣ್ಣುಗೂಡು ಪುಡಿಯಾಗಿ ಮೇಜಿನ ಮೇಲೆ ಸುರಿಯಿತು.
ಅದಕ್ಕೆ ಐನೂರು ಕಡಿಮೆ. ಬೋಲ್ಟು ಬಿಗಿ, ಅದಕ್ಕಿನ್ನೈನೂರು.
"ಹಂಗಾರ ಆ ಮಣ್ಣು ಕಟ್ಟಿಕೊಡ್ರಿ," ಅಂದಳು ಹಾಲಮ್ಮ,
"ಐನೂರರ ಮಣ್ಣು ನಮ್ಮ ಕಡೆ ಸಿಗಂಗಿಲ್ಲ."

ಇಷ್ಟೊತ್ತೂ ಮೂಲೆಯ ಸ್ಟೂಲಿನ ಮೇಲಿದ್ದ
ಹವಾಲ್ದಾರ್ ಪಾಲಯ್ಯ. ಮೊಳಕಾಲ್ಮೂರಿನವರು,
ಈ ತಿಂಗಳಲ್ಲಿ ನಾಲ್ಕನೇ ಸಲ ಬಂದವರು.
ಇಪ್ಪತ್ತೆರಡು ವರ್ಷ ಸೈನ್ಯ ಕೋವಿ ಕೊಟ್ಟಿತ್ತು,
ಬರುವಾಗ ಅದನ್ನಿಟ್ಟುಕೊಂಡು ಗೋಡೆ ಗಡಿಯಾರ ಕೊಟ್ಟಿತು.
ಈಗ ಚಿನ್ನದ ಸಾಲದ ಕಂಪನಿಯವರು ಕೇಳುತ್ತಾರೆ:
ಸ್ವಂತ ಕೋವಿ ತಂದರೆ ತಿಂಗಳಿಗೆ ಹದಿನಾಲ್ಕು ಸಾವಿರ,
ಬರಿಗೈಲಿ ಬಂದರೆ ಒಂಬತ್ತು.
ಕೋವಿಯ ಸಂಬಳ ಐದು, ನಾನು ಮನಸ್ಸಲ್ಲೇ ಕಳೆದೆ.

ಅವರು ಎತ್ತಿಕೊಂಡರು. ಚಪ್ಪಲಿಯಲ್ಲಿದ್ದರೂ
ಹಿಮ್ಮಡಿಗಳು ತಾವಾಗಿ ಕೂಡಿದವು.
ಹೆಬ್ಬೆರಳು ನೋಡದೆಯೇ ಮರದ ಹಿಂಬದಿಗೆ ಹೋಗಿ
ಹಿತ್ತಾಳೆ ಮುಚ್ಚಳ ಒತ್ತಿತು.
ಎಣ್ಣೆ ಸೀಸೆ ಇರಬೇಕಾದ ಗೂಡಿನಿಂದ
ಎರಡು ಕವಡೆ ಉರುಳಿದವು.

"ಅಯ್ಯ, ನನ್ನವು!
ಅಣ್ಣಗೋಳು ಕದೀತಾರಂತ ಇಟ್ಟಿದ್ದೆ.
ಆ ಮನಿಯಾಗ ಯಾರೂ ಮುಟ್ಟದ ಜಾಗ ಅದೊಂದೇ."
ನಾಲ್ಕಿದ್ದವಂತೆ. ತಲೆಕೆಳಗು ಮಾಡಿ
ಪಾಲಯ್ಯ ಕುಟ್ಟಿದರು. ತಮ್ಮ ಕುಟ್ಟಿದ.
ಬಂದದ್ದು ಒಂದಿಷ್ಟು ಧೂಳು.

ಸೆರಗಿನ ತುದಿಗೆ ಕವಡೆ ಕಟ್ಟಿಕೊಂಡ ಮೇಲೆ
ಹಾಲಮ್ಮ ಚೌಕಾಶಿ ಮಾಡಲಿಲ್ಲ.
ನಾನು ಬರೆದೆ: ನಂಬರು, ನಳಿಕೆ, ಮಾರಿದವರು, ಕೊಂಡವರು.
ಮಿಕ್ಕಿದ್ದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.
ಡಿಸಿ ಕಚೇರಿಯ ಕಾಗದ ಬರಲು ನಲವತ್ತು ದಿನ ಹಿಡಿಯಿತು.

ಮೊನ್ನೆ ನನ್ನ ಬಳೆ ಬಿಡಿಸಲು ಅದೇ ಕಂಪನಿಗೆ ಹೋಗಿದ್ದೆ.
ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಪಾಲಯ್ಯ,
ಮಂಡಿಗಳ ನಡುವೆ ಮಸ್ಕೆಟ್ಟು.
ಒಂದು ಗಂಟೆ ಹೊಡೆಯಿತು.
ಹಿತ್ತಾಳೆ ಮುಚ್ಚಳ ತೆಗೆದು
ಸಕ್ಕರೆ ಕಾಯಿಲೆಯ ಮಾತ್ರೆ ಒಂದನ್ನು ಅಂಗೈಗೆ ಬೀಳಿಸಿಕೊಂಡರು.

"ಮತ್ತೆ ತೋಟಾ?" ಅಂದೆ.
"ಮೂರು ಅದಾವಮ್ಮ. ಮ್ಯಾನೇಜರ ಡ್ರಾದಾಗ.
ಕೀಲಿ ಅವರ ಹತ್ರ."
ನೀರು ಕುಡಿದು, ಊಟದ ಡಬ್ಬಿ ಬಿಚ್ಚಿದರು.